ನೀರುಗಂಟಿಯ ಹೆಬ್ಬೆರಳು

ಏಪ್ರಿಕಾಟ್ ಒಣಗಿಸುವ ಕಾಲ. ಊರಿನ ಮಾಳಿಗೆಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಬೆಳಿಗ್ಗೆ ಕಾಲುವೆಯ ತೂಬು ತಿರುಗಿಸಿ ಸನಿಕೆ ಹೊತ್ತು ಮನೆಗೆ ಬಂದ ನೀರುಗಂಟಿ ಮಾಮತ್‌ಕುಲ್‌ಗೆ ಬೀಗಿತ್ತಿ ಅನ್ಬರಳ ಫೋನು ಬಂತು.

"ಮಗೂಗೆ ಇವತ್ತಿಗೆ ನಲವತ್ತು ದಿನ ತುಂಬ್ತು ಬೀಗ್ರೇ. ಪದ್ಧತಿ ಪ್ರಕಾರ ನಿಮ್ಮ ಮಗಳನ್ನೂ ಮಗೂನೂ ತವರಿಗೆ ಕಳಿಸ್ಬೇಕು, ಸರಿ. ಆದ್ರೆ ರೊಟ್ಟಿ ಸುಡೋ ತಂದೂರಿನಂಥ ನಿಮ್ಮ ಕಾರಲ್ಲಿ ಕಳ್ಸಲ್ಲ. ಎಸಿ ಇದ್ರೆ ಬನ್ನಿ. ಇಲ್ದಿದ್ರೆ ಚಳಿಗಾಲಕ್ಕೆ ನೋಡೋಣ."

ಮೊಮ್ಮಗಳನ್ನು ಅವನು ನೋಡಿದ್ದು ಫೋಟೋದಲ್ಲಿ ಮಾತ್ರ. ಬಟ್ಟೆಯ ಗಂಟಿನೊಳಗೊಂದು ಮೂಗು. ಚಳಿಗಾಲದವರೆಗೆ ಕಾಯುವುದುಂಟೇ? ಕೆಟ್ಟು ಕೂತಿದ್ದ ಎಸಿಯನ್ನು ನೋಡಲು ಕಾರಿನ ಬಾನೆಟ್ ಎತ್ತಿದ.

ಎತ್ತಿದ ಬಾನೆಟ್ಟಿಗೂ ಪಕ್ಕದ ಮನೆಯ ಸೋಬಿರ್‌ಗೂ ಕರ್ಬೂಜಕ್ಕೂ ನೊಣಕ್ಕೂ ಇರುವಂಥ ನಂಟು. ಬಂದವನೇ ಸ್ಕ್ರೂಡ್ರೈವರಿನಿಂದ ಎಸಿಯ ಕೊಳವೆಯ ಬಾಯನ್ನು ಮೀಟಿದ. "ಹಳೇ ಗ್ಯಾಸು ಅಣ್ಣ, ಬಿಟ್ಬಿಡೋಣ. ಹೊಸದು ತುಂಬ್ಸಿದ್ರಾಯ್ತು."

ಒಳಗಿನ ಕಡ್ಡಿ ಮುರಿದು ಗ್ಯಾಸು ಬುಸ್ಸೆಂದಿತು. ಮಾಮತ್‌ಕುಲ್ ಒದ್ದೆ ಬಟ್ಟೆ ಒತ್ತಿ, ಅದರ ಮೇಲೆ ಬಲಗೈ ಹೆಬ್ಬೆರಳನ್ನು ಊರಿದ.

"ಬೆರಳು ತೆಗಿ ಮಾರಾಯ, ಹೋಗ್ಲಿ."

"ಹೋಗಿ ಎಲ್ಲಿ ಸೇರುತ್ತೆ? ಆಕಾಶಕ್ಕೇ ತಾನೆ? ಸೆಖೆ ಇನ್ನೂ ಏರುತ್ತೆ. ಬೆಟ್ಟದ ಹಿಮ ವರ್ಷ ವರ್ಷ ಸವೀತಿರೋದು ನಿಂಗೆ ಕಾಣ್ಸಲ್ವ? ನಿನ್ನ ಕರ್ಬೂಜ ಕುಡಿಯೋದು ಅದೇ ನೀರು."

"ಒಂದು ಹಿಡಿ ಗ್ಯಾಸಿಗೆ ಬೆಟ್ಟ ಕರಗುತ್ತಾ?"

"ನೀನು ತೂಬಲ್ಲಿ ಕದಿಯೋದೂ ಒಂದೊಂದು ಹಿಡೀನೇ."

ಸೋಬಿರ್ ಮೆಕ್ಯಾನಿಕ್ ಇನೊಮ್‌ನನ್ನು ಕರೆತರಲು ಹೋದ.

ಊರೆಲ್ಲ ಬೇಯುತ್ತಿದ್ದರೆ ಮಾಮತ್‌ಕುಲ್‌ನ ಹೆಬ್ಬೆರಳೊಂದು ಗ್ಯಾಸಿನ ತಣ್ಪಿಗೆ ಮರಗಟ್ಟುತ್ತಿತ್ತು. ಅಷ್ಟರಲ್ಲಿ ಚಹಾದಂಗಡಿಯ ದಾರಿ ಹಿಡಿದ ಹೋಶಿಮಜ್ಜ ಬಾಗಿಲ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು ಸಲಾಮು ಹೇಳಿದ. ಮರುಸಲಾಮಿಗೆ ಇವನೂ ಬಲಗೈ ಎದೆಗೊತ್ತಬೇಕು, ಅದು ಮರ್ಯಾದೆ. ಬಲಗೈ ಕೊಳವೆಗೆ ಸಿಕ್ಕಿಕೊಂಡಿದೆ. ಮಾಮತ್‌ಕುಲ್ ಬಗ್ಗಿದ ರಭಸಕ್ಕೆ ಹಣೆ ಕಾರಿಗೆ ಬಡಿಯಿತು.

"ನೀರುಗಂಟಿಗೆ ಕೊಬ್ಬು ಬಂದಿದೆ," ಎಂದು ಅಜ್ಜ ಅಂಗಡಿಯವರೆಗೂ ಹೇಳಿಕೊಂಡು ಹೋದ.

ಇನೊಮ್ ಬಂದವನು ಮೊದಲು ಚಹಾಕ್ಕೆ ಕೂತ. "ಕುಡೀದೆ ಕೆಲಸ ಹಿಡಿದ್ರೆ ಮನೆಯವ್ರಿಗೆ ಅವಮಾನ ಅಲ್ವಾ?" ಎರಡನೆಯ ಬಟ್ಟಲೂ ಮುಗಿದ ಮೇಲೆ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಸೋರುವ ಕೊಳವೆ ಬದಲಿಸಿ, ಮತ್ತೆ ತುಂಬಿದ. ಊದಿದ ಹೆಬ್ಬೆರಳಿಗೆ ಒದ್ದೆ ಬಟ್ಟೆ ಸುತ್ತಿದ. "ವರ್ಷಕ್ಕೊಂದ್ಸಲ ತೋರಿಸ್ತಿದ್ರೆ ಈ ಪಾಡು ಇರ್ತಿರ್ಲಿಲ್ಲ."

ಎಸಿ ಹಿಮದಂಥ ಗಾಳಿ ಊದಿತು. ಬೀಗರ ಮನೆಯೆದುರು ಅನ್ಬರ್ ಕಾರಿನೊಳಗೆ ಕೈಚಾಚಿ ಗಾಳಿ ಮುಟ್ಟಿ ನೋಡಿ ತಲೆದೂಗಿದಳು. ಸೊಸೆಯನ್ನೂ ಕೂಸನ್ನೂ ಹಿಂದೆ ಕೂರಿಸಿ, ತಾನೂ ಪಕ್ಕಕ್ಕೆ ಸೇರಿಕೊಂಡಳು.

"ಸರಿ ಬೀಗ್ರೇ, ಇನ್ನು ಆರಿಸಿ."

"ಏನನ್ನ?"

"ಎಸಿನ. ನಲವತ್ತು ದಿನದ ಕೂಸಿಗೆ ತಣ್ಣನೆ ಗಾಳಿ ಬಡಿಸ್ತಾರಾ? ಕಿಟಕೀನೂ ಏರ್ಸಿ."

"ನೀವೇ ಇರ್ಬೇಕು ಅಂದ್ರಲ್ಲ?"

"ಇರ್ಬೇಕು. ಎಸಿ ಇಲ್ಲದ ಕಾರಲ್ಲಿ ಕಳಿಸಿದ್ಲು ಅಂತ ನಾಲ್ಕು ಜನ ಆಡ್ಕೋಬಾರ್ದು ನೋಡಿ."

ಕಾರು ತಂದೂರಾಯಿತು. ಮಾಮತ್‌ಕುಲ್ ಕಾಲುವೆಗೆ ಬಿದ್ದೆದ್ದವನಂತೆ ತೊಯ್ದುಹೋದ. ಕೂಸು ಕೆರಳಿ ಅಳತೊಡಗಿತು. ಅವನು ಬಲಗೈಯನ್ನು ಹಿಂದಕ್ಕೆ ಚಾಚಿದ. ಬಟ್ಟೆಯ ಗಂಟಿನಿಂದ ಒಂದು ಪುಟ್ಟ ಮುಷ್ಟಿ ಬಿಡಿಸಿಕೊಂಡು ಬಂದು, ಆ ಕಾರಿನಲ್ಲಿ ತಣ್ಣಗಿದ್ದ ಒಂದೇ ಒಂದು ವಸ್ತುವನ್ನು, ಒದ್ದೆ ಬಟ್ಟೆಯ ಹೆಬ್ಬೆರಳನ್ನು, ಹಿಡಿದುಕೊಂಡಿತು. ಅಳು ನಿಂತಿತು.

ಊರ ಬಾಗಿಲಲ್ಲಿ ಹೋಶಿಮಜ್ಜ ಮತ್ತೆ ಎದುರಾದ. ಎದೆಯ ಮೇಲೆ ಕೈಯಿಟ್ಟು ಕಾದ. ಮಾಮತ್‌ಕುಲ್‌ನ ಎಡಗೈ ಸ್ಟೀರಿಂಗಿನಲ್ಲಿತ್ತು. ಬಲಗೈಯನ್ನು ಅವನು ಬಿಡಿಸಿಕೊಳ್ಳಲಿಲ್ಲ. ಬೆಳಗಿನ ಸಲಾಮಿನ ಬಾಕಿಯ ಮೇಲೆ ಇನ್ನೊಂದು ಬಾಕಿ ಏರಿತು.