ಮುಚ್ಚಳದಲ್ಲಿ ಫ್ರಾನ್ಸ್

ನಮ್ಮ ಕಾಲವನ್ನು ಮುಂದಿನವರು ಯಾವ ಹೆಸರಿನಿಂದ ಕರೆಯುತ್ತಾರೋ ಗೊತ್ತಿಲ್ಲ. ನನ್ನನ್ನು ಕೇಳಿದರೆ ಇದು ‘ಕಡಿಮೆ’ಯ ಕಾಲ. ಸಕ್ಕರೆ ಕಡಿಮೆಯಿರುವ ಬಿಸ್ಕತ್ತು, ಎಣ್ಣೆ ಕಡಿಮೆಯಿರುವ ಚಿಪ್ಸು, ಕೊಬ್ಬು ಕಡಿಮೆಯಿರುವ ಹಾಲು. ಯಾವುದರಲ್ಲಿ ಏನೋ ಒಂದು ಕಡಿಮೆಯಿದೆಯೋ ಅದಕ್ಕೆ ಬೆಲೆ ಜಾಸ್ತಿ. ನಾನು ಸಣ್ಣವನಿದ್ದಾಗ ನಮ್ಮ ಕೇರಿಗೆ ಹಾಲು ಕೊಡುತ್ತಿದ್ದಾಕೆ ಹಾಲಿನ ಕೊಬ್ಬನ್ನು ಬಾವಿಯ ಹತ್ತಿರವೇ ಕಡಿಮೆ ಮಾಡಿಕೊಂಡು ಬರುತ್ತಿದ್ದಳು. ಊರೆಲ್ಲ ಅವಳನ್ನು ಬೈಯುತ್ತಿತ್ತು. ಪಾಪ, ಅವಳು ಕಾಲಕ್ಕಿಂತ ಬಹಳ ಮುಂದಿದ್ದಳು ಎಂದು ಈಗ ಅನಿಸುತ್ತದೆ. ಐವತ್ತು ದಾಟಿದ ಮೇಲೆ ನಾನೂ ಈ ಕಡಿಮೆಯ ಮೋಹಕ್ಕೆ ಬಿದ್ದೆ. ಬಿದ್ದದ್ದೂ ಬಿಸ್ಕತ್ತಿಗಲ್ಲ, ಹಾಲಿಗಲ್ಲ. ಆಲ್ಕೋಹಾಲು ಕಡಿಮೆಯಿರುವ, ಸಾವಯವ ದ್ರಾಕ್ಷಿಯಿಂದ ಮಾಡಿದ, ಫ್ರಾನ್ಸ್ ದೇಶದ ಬಿಳಿ ವೈನಿಗೆ. ಅದೂ ಹೊನ್ನಾವರದಲ್ಲಿ ಕುಳಿತುಕೊಂಡು.

ನನ್ನ ಉದ್ಯೋಗ ಭಟ್ಕಳದ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯ ಮ್ಯಾನೇಜರಿಕೆ. ಬೆಳಗಿನ ಬಸ್ಸಿಗೆ ಹೋಗುವುದು, ಇಡೀ ದಿನ ಬೋಟಿನವರ ಕೂಗಾಟದ ನಡುವೆ ಮಂಜುಗಡ್ಡೆ ಎಣಿಸುವುದು, ಸಂಜೆ ತಣ್ಣಗಾಗಿ ಮನೆಗೆ ಬರುವುದು. ವಾರದಲ್ಲಿ ಶನಿವಾರ ಸಂಜೆ ಮಾತ್ರ ನಾನು ಸ್ವಲ್ಪ ಬೆಚ್ಚಗಾಗುತ್ತಿದ್ದೆ. ಅಂದು ನಮ್ಮ ಹಿಂದಿನ ಬೀದಿಯ ಹಾರ್ಡ್‌ವೇರ್ ಅಂಗಡಿಯ ಗಣಪಣ್ಣ ಬರುತ್ತಿದ್ದ. ಹಿತ್ತಿಲ ಜಗಲಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ನನ್ನ ಹೆಂಡತಿ ಸುಮಿತ್ರಾ ರವೆ ಹಚ್ಚಿ ಹುರಿದ ಕಾಣೆ ಮೀನು, ಒಂದೆರಡು ಪೆಗ್ಗು, ಮತ್ತು ಊರಿನ ಎಲ್ಲರ ಬಗ್ಗೆ ಎರಡು ಮಾತು. ಇದಕ್ಕಿಂತ ಹೆಚ್ಚಿನದನ್ನು ನಾನು ದೇವರ ಹತ್ತಿರವೂ ಕೇಳಿದವನಲ್ಲ. ಆದರೆ ಡಾಕ್ಟರು ನನ್ನ ಹೊಟ್ಟೆಯ ಸ್ಕ್ಯಾನಿಂಗ್ ನೋಡಿ, ಲಿವರಿನ ಮೇಲೆ ಸ್ವಲ್ಪ ಕೊಬ್ಬು ಕೂತಿದೆ, ಕುಡಿಯುವುದನ್ನು ನಿಲ್ಲಿಸಿ ಎಂದುಬಿಟ್ಟರು. ನಾನು ದಾರಿಯಲ್ಲಿ ಬರುತ್ತಾ ಆ ‘ನಿಲ್ಲಿಸಿ’ಯನ್ನು ‘ಕಡಿಮೆ ಮಾಡಿ’ ಎಂದು ಮನಸ್ಸಿನಲ್ಲೇ ತಿದ್ದಿಕೊಂಡೆ. ಸುಮಿತ್ರಾ ಜೊತೆಯಲ್ಲೇ ಬಂದಿದ್ದರಿಂದ ಆ ತಿದ್ದುಪಡಿ ಜಾರಿಗೆ ಬರಲಿಲ್ಲ.

“ಶನಿವಾರದ್ದು ಬಂದ್,” ಎಂದಳು. ಅವಳು ಜೋರಾಗಿ ಮಾತಾಡುವ ಹೆಂಗಸಲ್ಲ; ಜೋರು ಮಾಡಿದ್ದರೆ ನನಗೂ ಎದುರಾಡಲು ಒಂದು ದಾರಿಯಿರುತ್ತಿತ್ತು.

ಬರೀ ಕಾಣೆ ಮೀನು ಮತ್ತು ಲಿಂಬೆ ಶರಬತ್ತಿನ ಆಧಾರದ ಮೇಲೆ ಗಣಪಣ್ಣನ ಸ್ನೇಹ ಎಷ್ಟು ಶನಿವಾರ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಎರಡನೆಯ ಶರಬತ್ತಿಗೇ ಅವನು ಕುಮಟೆಯಲ್ಲಿರುವ ತನ್ನ ಷಡ್ಡಕನ ತಾರಸಿಯನ್ನು ಹೊಗಳಲು ಶುರು ಮಾಡಿದ್ದ. ಇಂಥ ಹೊತ್ತಿನಲ್ಲಿ ನನ್ನ ಭಾವಮೈದ ಪ್ರಕಾಶ ರಜೆಗೆ ಬಂದ. ಪ್ರವಾಸಿ ಹಡಗಿನಲ್ಲಿ ಅಡುಗೆ ಮಾಡುವವನು. ಚೀಲದಿಂದ ಒಂದು ಬಾಟಲಿ ತೆಗೆದು, ಕೂಸನ್ನು ಕೊಡುವವನಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ.

“ಬಾವ, ಇದು ಕುಡಿಯೂದಲ್ಲ, ಸವಿಯೂದು. ಆಲ್ಕೋಹಾಲು ನೂರಕ್ಕೆ ಒಂಬತ್ತೇ. ದ್ರಾಕ್ಷಿಗೆ ಒಂದು ಹನಿ ಔಷಧಿ ಹೊಡೂದಿಲ್ಲ, ಗೊಬ್ಬರ ದನದ್ದೇ. ಈಗ ದೊಡ್ಡ ದೊಡ್ಡ ಜನ ಎಲ್ಲ ಇದಕ್ಕೇ ಬಂದರು. ತಲೆ ನೋಯೂದಿಲ್ಲ, ಊಟಕ್ಕೆ ಭಾರ ಆಗೂದಿಲ್ಲ. ಮೂಗಿಗೆ ಹಿಡಿದರೆ ಒದ್ದೆ ಕಲ್ಲಿನ ಪರಿಮಳ ಬತ್ತದೆ, ಬಳಚಿನ ಚಿಪ್ಪಿನ ಪರಿಮಳ ಬತ್ತದೆ.”

ಬಳಚು ಎಂದರೆ ನಮ್ಮ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ. ಅದರ ಸಾರು ಮಾಡಿದ ದಿನ ಸುಮಿತ್ರಾ ಆ ಪರಿಮಳ ಹೋಗಲೆಂದು ಕೈಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಸೋಪಿನಲ್ಲಿ ತಿಕ್ಕಿ, ಆಮೇಲೂ ನಂಬಿಕೆಯಿಲ್ಲದೆ ಮೂಸಿ ನೋಡಿಕೊಳ್ಳುತ್ತಾಳೆ. ಅದೇ ಪರಿಮಳವನ್ನು ಫ್ರಾನ್ಸಿನವರು ಬಾಟಲಿಗೆ ತುಂಬಿ ಬಿರಡೆ ಹಾಕುತ್ತಾರೆಂದರೆ, ನಾವು ಇಷ್ಟು ವರ್ಷ ಬಚ್ಚಲಿಗೆ ಚೆಲ್ಲಿದ್ದೆಷ್ಟು! ಆದರೆ ನನ್ನ ಮನಸ್ಸು ನಿಂತದ್ದು ಪರಿಮಳದ ಮೇಲಲ್ಲ, ‘ಒಂಬತ್ತೇ’ ಎಂಬ ಮಾತಿನ ಮೇಲೆ.

ಸುಮಿತ್ರಾಳಿಗೆ ಇದನ್ನು ಹೇಗೆ ಒಪ್ಪಿಸುವುದೆಂದು ಎರಡು ದಿನ ಬಸ್ಸಿನ ಕಿಟಕಿಯ ಬದಿಯಲ್ಲಿ ಕೂತು ಯೋಚಿಸಿದೆ. ನಮ್ಮ ಮನೆಯಲ್ಲಿ ‘ಊರದ್ದು’ ಎಂಬ ಶಬ್ದಕ್ಕೆ ಬಹಳ ಮರ್ಯಾದೆ. ಊರಕೋಳಿ, ಊರಮೊಟ್ಟೆ, ಊರಬಸಳೆ. ಸಂತೆಯಲ್ಲಿ ಘಟ್ಟದ ಮೇಲಿಂದ ಬಂದ ಹೊಳಪು ಬದನೆಕಾಯಿಯನ್ನು ಸುಮಿತ್ರಾ ಮುಟ್ಟಿಯೂ ನೋಡುವುದಿಲ್ಲ. ಯಾರದೋ ಹಿತ್ತಿಲಲ್ಲಿ ಬೆಳೆದ, ಹುಳುವೇ ಮೊದಲು ರುಚಿ ನೋಡಿದ ಬದನೆಯನ್ನು ಹುಡುಕಿ ತರುತ್ತಾಳೆ. ಆದ್ದರಿಂದ ಬಾಟಲಿಯನ್ನು ಅವಳ ಮುಂದಿಟ್ಟು, “ಇದು ಫ್ರಾನ್ಸಿನ ಊರದ್ರಾಕ್ಷಿ,” ಎಂದೆ. ಕಡಿಮೆ ಆಲ್ಕೋಹಾಲಿನ ವಿಷಯ, ಔಷಧಿ ಹೊಡೆಯದ ವಿಷಯ, ದನದ ಗೊಬ್ಬರದ ವಿಷಯ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಇದು ಮದ್ಯವಲ್ಲ, ಕೃಷಿ ಎಂದು ನನಗೇ ನಂಬಿಕೆ ಬಂತು.

ಅವಳು ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಚೀಟಿಯನ್ನು ಓದಿದಳು. ಒಳಗೆ ಹೋಗಿ ಕಪಾಟಿನಲ್ಲಿ ಏನನ್ನೋ ನೋಡಿ ಬಂದಳು. “ಆತು,” ಎಂದಳು. “ಇಷ್ಟು ಒಳ್ಳೇದಾದರೆ ತಕಳಿ. ಗಣಪಣ್ಣನಿಗೂ ಹೇಳಿ.”

ಇಷ್ಟು ಸುಲಭವಾಗಿ ಗೆದ್ದವನಿಗೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹುಮ್ಮಸ್ಸು. ವೈನು ತಣ್ಣಗಿರಬೇಕು ಎಂದು ಪ್ರಕಾಶ ಹೇಳಿದ್ದನಲ್ಲ, ಇಷ್ಟು ವರ್ಷದ ನನ್ನ ಉದ್ಯೋಗ ಮೊದಲ ಬಾರಿಗೆ ನನ್ನ ಮನೆಗೇ ಉಪಯೋಗಕ್ಕೆ ಬರುವ ದಿನ ಬಂತೆಂದು ಶನಿವಾರ ಫ್ಯಾಕ್ಟರಿಯಿಂದ ಒಂದು ಪೆಟ್ಟಿಗೆ ಮಂಜುಗಡ್ಡೆ ಪುಡಿ ತಂದು ಬಾಟಲಿಯನ್ನು ಕುತ್ತಿಗೆಯವರೆಗೆ ಹೂತಿಟ್ಟೆ. ಪೆಟ್ಟಿಗೆ ದಿನಾ ಬಂಗಡೆ ಮೀನು ತರುವ ಥರ್ಮಾಕೋಲ್ ಪೆಟ್ಟಿಗೆಯೇ. ಬೇರೆ ಪೆಟ್ಟಿಗೆ ನಮ್ಮ ಕಡೆ ಯಾರ ಮನೆಯಲ್ಲಿದೆ?

ಗಣಪಣ್ಣ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಬಿರಡೆ ತೆಗೆಯುವ ಸ್ಕ್ರೂ ಅವನ ಹಾರ್ಡ್‌ವೇರ್ ಅಂಗಡಿಯಲ್ಲೂ ಇರಲಿಲ್ಲ. ಮರದ ಸ್ಕ್ರೂ ಹಾಕಿ ಇಕ್ಕಳದಿಂದ ಎಳೆದು ನೋಡಿದ. ಬಿರಡೆಯ ಅರ್ಧ ಪುಡಿಯಾಗಿ ಹೊರಗೆ ಬಂತು. ಉಳಿದರ್ಧವನ್ನು ಸೌಟಿನ ಹಿಡಿಯಿಂದ ಒಳಕ್ಕೇ ದೂಡಿದೆವು. ಅದು ವೈನಿನ ಮೇಲೆ ಪುಟ್ಟ ದೋಣಿಯಂತೆ ತೇಲತೊಡಗಿತು. ನಾನು ಗಾಜಿನ ಲೋಟ ತೆಗೆಯಲು ಎದ್ದಾಗ ಸುಮಿತ್ರಾ ಒಂದು ತಟ್ಟೆ ಹಿಡಿದುಕೊಂಡು ಬಂದಳು. ತಟ್ಟೆಯಲ್ಲಿ, ಊಟ ಅರಗಲೆಂದು ಮನೆಯಲ್ಲಿಟ್ಟಿದ್ದ ದ್ರಾಕ್ಷಾರಿಷ್ಟದ ಪ್ಲಾಸ್ಟಿಕ್ ಮುಚ್ಚಳ ಎರಡು, ಒಂದು ಚೊಂಬು ಉಗುರುಬೆಚ್ಚಗಿನ ನೀರು.

“ಮೊದಲು ಊಟ ಮಾಡಿ,” ಎಂದಳು.

“ಊಟ ಎಂತಕ್ಕೆ ಈಗಲೇ?” ಎಂದೆ.

“ಊಟ ಆದ ಮೇಲೆ ತಕಳೂದು ಅಲ್ದಾ? ನಮ್ಮ ಅರಿಷ್ಟದ ಬಾಟ್ಲಿ ನೋಡಿದೆ. ಅದರಲ್ಲೂ ದ್ರಾಕ್ಷಿಯೇ. ಆಲ್ಕೋಹಾಲೂ ಹತ್ತಿರ ಹತ್ತಿರ ಇಷ್ಟೇ ಅಂತ ಬರೆದದ್ದು ಅದೆ. ಊಟದ ನಂತರ, ಸಮಭಾಗ ನೀರು ಹಾಕಿ, ಒಂದು ಮುಚ್ಚಳ.”

ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಎಲ್ಲ ನಾನೇ ಕಟ್ಟಿಕೊಟ್ಟದ್ದು. ಗಣಪಣ್ಣ ಮುಚ್ಚಳವನ್ನೂ ನನ್ನನ್ನೂ ನೋಡಿದ.

“ಅತ್ತಿಗೆ, ನಂಗೆ ಅಜೀರ್ಣ ಇಲ್ಲ,” ಎಂದ.

“ಇಲ್ದಿದ್ರೂ ಒಳ್ಳೇದೇ ಗಣಪಣ್ಣ. ಮುಂದೆಯೂ ಬರೂದಿಲ್ಲ.”

ಇಬ್ಬರೂ ಊಟ ಮಾಡಿದೆವು. ಒಬ್ಬೊಬ್ಬರಿಗೆ ಒಂದೊಂದು ಮುಚ್ಚಳ, ಬೆಚ್ಚಗಿನ ನೀರು. ಸಂಜೆಯಿಂದ ಮಂಜುಗಡ್ಡೆಯಲ್ಲಿಟ್ಟ ನನ್ನ ಶ್ರಮವೆಲ್ಲ ಒಂದು ಕ್ಷಣದಲ್ಲಿ ಉಗುರುಬೆಚ್ಚಗಾಯಿತು. ಗಣಪಣ್ಣ ಮೂಸಿ ನೋಡಿ, “ಬಂಗಡೆ ವಾಸನೆ ಬತ್ತದಲ ಮಾರಾಯಾ,” ಎಂದ. “ಅದು ಫ್ರಾನ್ಸಿನ ಕಡಲು,” ಎಂದೆ. ಅವನು ಅದನ್ನು ಗುಟುಕರಿಸಿ, ಬಿರಡೆಯ ಪುಡಿಯನ್ನು ನಾಲಗೆಯಿಂದ ತೆಗೆದು, ಜಗಲಿಯ ಕಂಬಕ್ಕೆ ಒರೆಸಿದ. ಮರುವಾರ ಕುಮಟೆಗೆ ಹೋದ. ಆಮೇಲೆ ಪ್ರತಿ ವಾರವೂ ಹೋದ. ಅಲ್ಲಿ ಸಾವಯವದ ಉಪದ್ರವ ಇರಲಿಲ್ಲವಂತೆ.

ನನ್ನ ಶನಿವಾರಗಳು ಹೀಗೆ ಹಾಳಾದವು. ಎದುರಿನ ಕುರ್ಚಿ ಖಾಲಿ. ಹಾರ್ಡ್‌ವೇರ್ ಅಂಗಡಿಯ ಮುಂದೆ ಹೋಗುವಾಗ ಗಣಪಣ್ಣ ಮೊಳೆ ತೂಗುತ್ತಾ, “ಹೇಗದೆ ನಿನ್ನ ಕಷಾಯ?” ಎಂದು ಕೇಳುತ್ತಿದ್ದ. ನಾನು ಮಾತ್ರ ದಿನವೂ ಊಟವಾದ ಕೂಡಲೇ ಮುಚ್ಚಳಕ್ಕೆ ಕೈ ಚಾಚುತ್ತಿದ್ದೆ. ಬೇಡವೆಂದರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ. ಫ್ರಿಜ್ಜಿನಲ್ಲಿ ವಾರ ಕಳೆದಂತೆ ವೈನು ಹುಳಿಯಾಗುತ್ತಾ ಬಂತು. ನಾನು ಅದನ್ನು ಅದರ ಗುಣವೆಂದೆ. ಇನ್ನೂ ಹುಳಿಯಾದಾಗ ಫ್ರಾನ್ಸಿನ ಮಣ್ಣಿನ ಗುಣವೆಂದೆ. ಕಡೆಗೆ ಸುಮಿತ್ರಾ ಉಳಿದದ್ದನ್ನು ಸಿಗಡಿ ಉಪ್ಪಿನಕಾಯಿಗೆ ಸುರಿದಳು. ಅದು ಚೆನ್ನಾಗಿಯೇ ಇತ್ತು. ಬಾಟಲಿ ಬರಿದಾದ ಮೇಲೂ ಊಟದ ನಂತರ ನನ್ನ ಕೈ ತಾನಾಗಿ ಚಾಚುತ್ತಿದ್ದುದರಿಂದ ಮುಚ್ಚಳದಲ್ಲಿ ನಿಜವಾದ ಅರಿಷ್ಟವೇ ಬರತೊಡಗಿತು. ನಾನು ತಕರಾರು ಮಾಡಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನಿಂಗ್ ನೋಡಿ, ಲಿವರು ಬಹಳ ಸುಧಾರಿಸಿದೆ, ಏನು ಮಾಡಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಸುಮಿತ್ರಾ, “ಫ್ರೆಂಚ್ ವೈನ್ ತಕಂಡರು, ಡಾಕ್ಟ್ರೇ,” ಎಂದಳು. ಡಾಕ್ಟರು ನನ್ನನ್ನು ಹೊಸದಾಗಿ ನೋಡಿದರು.

ಸುಮಿತ್ರಾ ನ್ಯಾಯವಂತೆ. ಆ ವಾರವೇ ಪ್ರಕಾಶ ಮತ್ತೆ ರಜೆಗೆ ಬಂದು ಅದೇ ವೈನಿನ ಇನ್ನೊಂದು ಬಾಟಲಿ ತಂದಾಗ, ಅವಳೇ ಗಣಪಣ್ಣನಿಗೆ ಫೋನು ಮಾಡಿದಳು. “ಶನಿವಾರ ಬನ್ನಿ. ಈ ಸಲ ಮುಚ್ಚಳ ಇಲ್ಲ, ನೀರೂ ಇಲ್ಲ. ಗ್ಲಾಸಿನಲ್ಲೇ ತಕಳಿ ಇಬ್ಬರೂ.” ಗಣಪಣ್ಣ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕುಮಟೆಯನ್ನು ಬಿಟ್ಟು ಬಂದ. ಪ್ರಕಾಶ ಸ್ಕ್ರೂವನ್ನೂ ತಂದಿದ್ದ. ಬಿರಡೆ ಮರ್ಯಾದೆಯಿಂದ ಹೊರಗೆ ಬಂತು. ಬಾಟಲಿ ಈ ಸಲ ಫ್ರಿಜ್ಜಿನಲ್ಲಿ, ಹೇಳಿದಷ್ಟೇ ತಣ್ಣಗೆ. ಹಳದಿ ಬಿಸಿಲಿನಂಥ ವೈನು ಗ್ಲಾಸಿನಲ್ಲಿ ಅರ್ಧದವರೆಗೆ ನಿಂತಿತು. ಕಾಣೆ ಮೀನು ಗರಿಗರಿಯಾಗಿತ್ತು. ಇಷ್ಟು ತಿಂಗಳು ನಾನು ಕಾದಿದ್ದ ಶನಿವಾರ ಇದೇ.

“ಚಿಯರ್ಸ್,” ಎಂದ ಗಣಪಣ್ಣ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. “ಹೌದು ಮಾರಾಯಾ, ಬಳಚು!”

ನಾನೂ ಒಂದು ಗುಟುಕು ಕುಡಿದೆ. ಗಂಟಲಿನಲ್ಲಿ ಚುರ್ ಎಂದಿತು. ಕೆಮ್ಮು ಬಂತು. ಇನ್ನೊಂದು ಗುಟುಕಿಗೆ ಕಣ್ಣಲ್ಲಿ ನೀರು. ನೂರಕ್ಕೆ ಒಂಬತ್ತು ಎಂದರೆ ಕಡಿಮೆಯೇನಲ್ಲ ಎಂದು ಆಗ ಹೊಳೆಯಿತು. ಜೊತೆಗೆ, ಊಟವಾಗಿರಲಿಲ್ಲವಲ್ಲ, ಏನೋ ನಿಯಮ ತಪ್ಪಿದಂತೆ ಅನಿಸಿತು. ನಾನು ಮೆಲ್ಲಗೆ ಒಳಗೆ ತಿರುಗಿ, “ಸುಮಿತ್ರಾ, ಚೂರು ಬೆಚ್ಚಗಿನ ನೀರು ಕೊಡ್ತೀಯಾ?” ಎಂದೆ.

ಗಣಪಣ್ಣ ಗ್ಲಾಸು ಕೆಳಗಿಟ್ಟ.

“ಲಿವರು ಉಳೀತು,” ಎಂದ. “ನೀ ಹೋದೆ ಮಾರಾಯಾ.”

ಸಿಟ್ಟು ಬರಬೇಕಿತ್ತು. ಆದರೆ ಅಷ್ಟರಲ್ಲಿ ನೀರು ಬಂತು, ಗ್ಲಾಸಿನಲ್ಲಿ ವೈನು ಎಲ್ಲಿಯವರೆಗಿದೆ ಎಂದು ಬೆರಳಿಟ್ಟು ಅಳೆದು ಸಮಭಾಗ ಸುರಿಯುವುದರಲ್ಲಿ ನಾನು ಮುಳುಗಿಹೋಗಿದ್ದೆ.