ಟಪಾಲು ಗುಮಾಸ್ತನ ಅಧಿಕೃತ ತಲೆ

ಹೊಸ ಕಾರ್ಪೆಟ್ ಹಾಸುವವರೆಗೆ ಆ ಇಲಾಖೆಯ ಕೇಂದ್ರ ಕಚೇರಿಯಲ್ಲಿ ನೌಕರರ ಕೂದಲು ಅವರವರ ಖಾಸಗಿ ಆಸ್ತಿಯಾಗಿತ್ತು. ಅದನ್ನು ಬೆಳೆಸಲು, ಕತ್ತರಿಸಲು ಅಥವಾ ಕಳೆದುಕೊಳ್ಳಲು ಮೇಲಧಿಕಾರಿಯ ಅನುಮತಿ ಬೇಕಿರಲಿಲ್ಲ.

ಕಾರ್ಪೆಟ್ ಹಾಸಿದ್ದು ಮೂರನೆಯ ಮಹಡಿಯ ಗುರುತಿನ ಚೀಟಿ ವಿಭಾಗದಲ್ಲಿ. ನೀಲಿ ಬಣ್ಣದ್ದು, ಅಪ್ಪಟ ನೈಲಾನ್. ಸರಬರಾಜು ಮಾಡಿದವರು ಉಪನಿರ್ದೇಶಕರ ಭಾವಮೈದ. ಇದು ಕೇವಲ ಕಾಕತಾಳೀಯವೆಂದು ಉಪನಿರ್ದೇಶಕರೇ ಲಿಖಿತವಾಗಿ ದೃಢೀಕರಿಸಿದ್ದರಿಂದ ಆ ಬಗ್ಗೆ ಯಾರಿಗೂ ಅನುಮಾನ ಉಳಿದಿರಲಿಲ್ಲ. ಕಾರ್ಪೆಟ್ ಮೇಲೆ ಧೂಳು ಕೂರಬಾರದೆಂದು ಕಿಟಕಿಗಳಿಗೆ ಮೊಳೆ ಹೊಡೆದರು. ಕಿಟಕಿ ಮುಚ್ಚಿದ ಮೇಲೆ ಸೆಕೆಯಾಗುತ್ತದೆಂದು ಎರಡು ಏಸಿ ಕೂರಿಸಿದರು. ಏಸಿಗಳು ಕೋಣೆಯ ಗಾಳಿಯಲ್ಲಿದ್ದ ಪಸೆಯನ್ನೆಲ್ಲ ಹೀರಿ, ಹೊರಗಿಟ್ಟ ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ಒಪ್ಪಿಸತೊಡಗಿದವು.

ಕೆಳಮಹಡಿಯ ಟಪಾಲು ಗುಮಾಸ್ತ ಆ ಕೋಣೆಗೆ ಕಾಲಿಟ್ಟದ್ದು ಒಂದು ಸೋಮವಾರ. ಒಂಬತ್ತು ವರ್ಷದಿಂದ ಹಂಗಾಮಿಯಾಗಿದ್ದವನ ಖಾಯಂ ಆದೇಶ ಕೊನೆಗೂ ಟೈಪಾಗಿ, ಸಹಿಯಾಗಿ, ಮೊಹರು ಬಿದ್ದು ಕೂತಿತ್ತು. ಅದರಲ್ಲಿ ಒಂದೇ ಒಂದು ಜಾಗ ಖಾಲಿ: ಹೊಸ ಗುರುತಿನ ಚೀಟಿಯ ಸಂಖ್ಯೆ. ತಿಂಗಳು ಮುಗಿಯುವುದರೊಳಗೆ ಅದು ತುಂಬದಿದ್ದರೆ ಆದೇಶ ತನ್ನಷ್ಟಕ್ಕೆ ತಾನೇ ರದ್ದಾಗುತ್ತದೆ, ಗುಮಾಸ್ತ ಮತ್ತೆ ಮೊದಲನೆಯ ವರ್ಷದ ಹಂಗಾಮಿಯಾಗುತ್ತಾನೆ. ನಿಯಮದಲ್ಲಿ ಕ್ರೌರ್ಯವೇನೂ ಇರಲಿಲ್ಲ. ಅದು ಎಲ್ಲರಿಗೂ ಒಂದೇ ಆಗಿತ್ತು.

ಒಂದೇ ಆಗಿರದಿದ್ದದ್ದು ಅವನ ತಲೆ. ದಟ್ಟವಾದ ಗುಂಗುರು ಕೂದಲು. ಕೆಲಸದ ನಡುವೆ ಅದರಲ್ಲಿ ಸಿಕ್ಕಿಸಿಕೊಂಡ ಪೆನ್ಸಿಲನ್ನು ಸಂಜೆ ಹೆಂಡತಿ ಹುಡುಕಿ ತೆಗೆಯಬೇಕಾಗುತ್ತಿತ್ತು. ಕಚೇರಿಯಲ್ಲಿ ಅವನನ್ನು ಎಲ್ಲರೂ ಪ್ರೀತಿಯಿಂದ 'ಪೊದೆ' ಎನ್ನುತ್ತಿದ್ದರು.

ಬಾಗಿಲಿನಿಂದ ಕ್ಯಾಮೆರಾದ ಮುಂದಿನ ಸ್ಟೂಲಿಗೆ ಇಪ್ಪತ್ತೆರಡು ಹೆಜ್ಜೆ. ಗುಮಾಸ್ತನಿಗೆ ರಬ್ಬರ್ ಅಟ್ಟೆಯ ಚಪ್ಪಲಿಯನ್ನು ಎಳೆದುಕೊಂಡು ನಡೆಯುವ ಅಭ್ಯಾಸ. ಹತ್ತನೆಯ ಹೆಜ್ಜೆಗೆ ಕಿವಿಯ ಮೇಲಿನ ಕೂದಲು ತಲೆಯಿಂದ ದೂರ ಸರಿಯಿತು. ಇಪ್ಪತ್ತೆರಡನೆಯದಕ್ಕೆ ಇಡೀ ಪೊದೆ ರಾಷ್ಟ್ರಗೀತೆ ಕೇಳಿದಂತೆ ಎದ್ದು ನಿಂತಿತು. ಅವನು ಗಾಬರಿಯಿಂದ ಜೇಬಿನ ಪ್ಲಾಸ್ಟಿಕ್ ಬಾಚಣಿಗೆ ತೆಗೆದು ನಾಲ್ಕು ಸಲ ಬಾಚಿದ. ಅದುವರೆಗೆ ಹಿಂಜರಿದಿದ್ದ ಕೂದಲೂ ಎದ್ದಿತು.

"ಸ್ವಲ್ಪ ಇಳಿಸ್ರೀ," ಎಂದರು ಫೋಟೋ ತೆಗೆಯುವ ಮೇಡಂ.

"ಏನನ್ನ ಮೇಡಂ?"

"ತಲೇನ."

"ಇಳಿಸಿದ್ದೀನಲ್ಲ ಮೇಡಂ."

"ಅಯ್ಯೋ, ಕತ್ತಲ್ಲ ಕಣ್ರೀ, ಕೂದಲು!"

ಅವನು ಎರಡೂ ಅಂಗೈಯಿಂದ ಒತ್ತಿ ಹಿಡಿದ. ಕೈ ತೆಗೆದರೆ ಮತ್ತೆ ಏಳುತ್ತಿತ್ತು. ತೆಗೆಯದಿದ್ದರೆ ಫೋಟೋದಲ್ಲಿ ಶರಣಾದವನಂತೆ ಕಾಣುತ್ತಿದ್ದ. ಕೊನೆಗೆ ಮೇಡಂ ಬಂದದ್ದು ಬರಲಿ ಎಂದು ಗುಂಡಿ ಒತ್ತಿದರು. ಯಂತ್ರ ಒಂದು ಚೀಟಿ ಹೊರಹಾಕಿತು: 'ತಲೆಯು ಚೌಕಟ್ಟಿನ ಆಚೆಗೂ ಮುಂದುವರಿದಿದೆ. ತಿರಸ್ಕೃತ.'

ಸಂಜೆ ಅವನು ಬೀದಿ ತಿರುವಿನ ಕ್ಷೌರಿಕನ ಬಳಿ ಹೋಗಿ, ಎಲ್ಲ ಬೋಳಿಸಿಬಿಡು ಎಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ. ಕ್ಷೌರಿಕ ಕತ್ತರಿಯನ್ನೇ ಎತ್ತಲಿಲ್ಲ.

"ಇಷ್ಟಕ್ಕೆ ಯಾಕಣ್ಣ ಬೋಳಿಸ್ತೀರಾ? ಕೂದಲು ಒಣಗಿದೆ, ಅದಕ್ಕೇ ಕರೆಂಟು ಹಿಡೀತಿದೆ. ಆ ಪ್ಲಾಸ್ಟಿಕ್ ಬಾಚಣಿಗೆ ಬಿಸಾಕಿ, ಹಲ್ಲು ಅಗಲ ಇರೋ ಮರದ್ದು ತಗೊಳ್ಳಿ. ಸ್ನಾನ ಆದ್ಮೇಲೆ ಟವೆಲ್ಲಲ್ಲಿ ಗಸಗಸ ಉಜ್ಜಬೇಡಿ, ಹಳೇ ಹತ್ತಿ ಬನೀನಲ್ಲಿ ಒತ್ತಿ. ಒದ್ದೆ ಇದ್ದಾಗಲೇ ಎರಡು ಹನಿ ಎಣ್ಣೆ ಅಂಗೈಗೆ ಸವರಿಕೊಂಡು ಮೇಲಿಂದ ಹಾಗೇ ನೇವರಿಸಿ. ಕುರಿಮರಿ ಥರ ಬಿದ್ದಿರತ್ತೆ."

ಮರುದಿನ ಬೆಳಿಗ್ಗೆ ಅದು ಹಾಗೆಯೇ ಬಿದ್ದಿತ್ತು. ಹೆಂಡತಿ ಎರಡು ಸಲ ತಿರುಗಿ ನೋಡಿದಳು. ಗುಮಾಸ್ತ ಕಾಲು ಎತ್ತೆತ್ತಿ ಇಟ್ಟು ಇಪ್ಪತ್ತೆರಡು ಹೆಜ್ಜೆ ದಾಟಿದ, ಒಂದು ಎಳೆಯೂ ಅಲುಗಲಿಲ್ಲ. ಫೋಟೋ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂತಿತು. ಸಮಸ್ಯೆ ಹೀಗೆ ಪೂರ್ತಿ ಬಗೆಹರಿದದ್ದರಿಂದ ಕಡತವು ವಿಭಾಗದ ಅಧೀಕ್ಷಕರ ಮೇಜಿಗೆ ಹೋಯಿತು.

ಅಧೀಕ್ಷಕರು ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟುಕೊಂಡರು.

"ಇದರಲ್ಲಿ ನೀವು ಯಾರ್ರೀ?"

"ಎರಡೂ ನಾನೇ ಸಾರ್."

"ಸೋಮವಾರದವರು ಎತ್ತರ ಇದ್ದಾರೆ. ಮಂಗಳವಾರದವರು ನಾಲ್ಕು ಬೆರಳು ಕಮ್ಮಿ."

"ಅದು ತಿರಸ್ಕಾರ ಆದ ಫೋಟೋ ಸಾರ್."

"ತಿರಸ್ಕಾರ ಆಗಿದೆ, ನಾಶ ಆಗಿಲ್ಲ. ದಾಖಲೆ ದಾಖಲೇನೇ. ಮೊದಲು ಬಂದವರಿಗೆ ಖಾಯಂ ಆದೇಶ ಇದೆ. ಆಮೇಲೆ ಬಂದವರು ಯಾರು ಅಂತ ನಾನು ಹೇಗೆ ಹೇಳಲಿ?"

"ಕಾರ್ಪೆಟ್ಟಿಂದ ಹಾಗಾಯ್ತು ಸಾರ್. ಅದನ್ನ ಒಂದಿನ ಸುತ್ತಿಟ್ಟು, ಕಿಟಕಿ ತೆಗೆದು ನೋಡಿದ್ರೆ ಗೊತ್ತಾಗತ್ತೆ."

ಅಧೀಕ್ಷಕರು ಕನ್ನಡಕ ತೆಗೆದರು. "ನೋಡಿ, ಕಾರ್ಪೆಟ್ಟಿಗೆ ಐದು ವರ್ಷ ವಾರಂಟಿ ಇದೆ. ನಿಮ್ಮ ತಲೆಗೆ ಇದೆಯಾ?"

ಗುಮಾಸ್ತನ ಬಳಿ ಅಂಥ ಯಾವ ಕಾಗದವೂ ಇರಲಿಲ್ಲ. ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಮೂರು ಸದಸ್ಯರ ಕೇಶೋತ್ಥಾನ ವಿಚಾರಣಾ ಸಮಿತಿ ರಚನೆಯಾಯಿತು. ತಲೆಯಲ್ಲಿ ಒಂದೂ ಕೂದಲಿಲ್ಲದ ಹಿರಿಯ ಅಧಿಕಾರಿಯೊಬ್ಬರನ್ನು, ಈ ವಿಷಯದಲ್ಲಿ ಅವರಿಗೆ ಯಾವ ಸ್ವಹಿತಾಸಕ್ತಿಯೂ ಇಲ್ಲವೆಂಬ ಕಾರಣಕ್ಕೆ, ಅಧ್ಯಕ್ಷರನ್ನಾಗಿ ಮಾಡಲಾಯಿತು. ಮೊದಲ ಸಭೆಯಲ್ಲಿ ಬಾಚಣಿಗೆಗಳ ಅಗತ್ಯ ಕಂಡುಬಂತು. ಎರಡನೆಯ ಸಭೆಯ ಹೊತ್ತಿಗೆ ಆರು ಸಾವಿರ ಪ್ಲಾಸ್ಟಿಕ್ ಬಾಚಣಿಗೆ ಬಂದಿಳಿದವು. ಕಚೇರಿಯಲ್ಲಿದ್ದವರು ಇನ್ನೂರ ಹದಿನಾಲ್ಕು ಜನ, ಅವರಲ್ಲಿ ಎಪ್ಪತ್ತು ಮಂದಿಗೆ ಬಾಚಲು ಏನೂ ಉಳಿದಿರಲಿಲ್ಲ. ಸಮಾನತೆಯ ದೃಷ್ಟಿಯಿಂದ ಅವರಿಗೂ ಇಪ್ಪತ್ತೆಂಟರ ಲೆಕ್ಕದಲ್ಲಿ ಹಂಚಿದರು. ಸರಬರಾಜುದಾರರು ಅದೇ ಭಾವಮೈದ. ಉಪನಿರ್ದೇಶಕರು ಹಳೆಯ ದೃಢೀಕರಣ ಪತ್ರದ ನಕಲನ್ನೇ ಲಗತ್ತಿಸಿ ಇಲಾಖೆಯ ಸಮಯ ಉಳಿಸಿದರು.

"ರೀ, ಒಂಬತ್ತು ವರ್ಷ ನಿಮ್ಮ ತಲೆ ಒಳಗೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ," ಎಂದಳು ಗುಮಾಸ್ತನ ಹೆಂಡತಿ. "ಈಗ ಮೇಲೆ ಏನಿದೆ ಅಂತ ಸಮಿತಿ ಮಾಡಿದ್ದಾರಾ?"

"ಮೂರು ಜನರ ಸಮಿತಿ ಕಣೇ," ಎಂದ ಅವನು. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಬಂದದ್ದು ಅವನಿಗೇ ತಿಳಿಯಲಿಲ್ಲ.

ಮೂರನೆಯ ಸಭೆಯಲ್ಲಿ ಪ್ರಯೋಗ ನಡೆಯಿತು. ಸೋಪು ಹಚ್ಚಿ ಅವನ ತಲೆಯ ಎಣ್ಣೆ ತೆಗೆಸಿದರು. ಪಾಲಿಯೆಸ್ಟರ್ ಟವೆಲಿನಿಂದ ಕಾಲು ಗಂಟೆ ಉಜ್ಜಿಸಿದರು. ಆಮೇಲೆ ಇಪ್ಪತ್ತೆರಡು ಹೆಜ್ಜೆ. ಸದಸ್ಯರೊಬ್ಬರು ಪಕ್ಕದಲ್ಲೇ ನಡೆಯುತ್ತ ಮರದ ಸ್ಕೇಲು ಹಿಡಿದು ಪ್ರತಿ ಹೆಜ್ಜೆಗೂ ಎತ್ತರ ಕೂಗಿ ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ಕೂದಲು ಪೂರ್ತಿ ಎದ್ದಾಗ ಅಧ್ಯಕ್ಷರು ಎದ್ದು ಹತ್ತಿರ ಬಂದು ಸುತ್ತಲೂ ನೋಡಿದರು. ಅವರ ಮುಖದಲ್ಲಿದ್ದದ್ದು ನಿಷ್ಪಕ್ಷಪಾತವೋ ಆಸೆಯೋ ಯಾರಿಗೂ ಗೊತ್ತಾಗಲಿಲ್ಲ.

"ಇವರೇ ಸೋಮವಾರದವರು," ಎಂದರು ಕೊನೆಗೆ.

"ಹಾಗಾದ್ರೆ ಚೀಟಿ ಸಿಗತ್ತಾ ಸಾರ್?"

"ಸಿಗತ್ತೆ. ಆದರೆ ಮಂಗಳವಾರದವರನ್ನ ಇನ್ನು ಕರ್ಕೊಂಡು ಬರಬೇಡಿ."

ತಿಂಗಳ ಕೊನೆಯ ದಿನ ಸುತ್ತೋಲೆ ಹೊರಬಿತ್ತು:

'ವಿಷಯ: ಪುರುಷ ನೌಕರರ ದಟ್ಟ ಗುಂಗುರು ಕೂದಲು ಎದ್ದು ನಿಲ್ಲುವ ಬಗ್ಗೆ. ಕಾರ್ಪೆಟ್ ಕಚೇರಿಯ ಆಸ್ತಿಯಾಗಿರುವುದರಿಂದ, ಕಾರ್ಪೆಟ್ಟಿನ ಮೇಲೆ ಕೂದಲು ಹೇಗಿರುತ್ತದೆಯೋ ಅದನ್ನೇ ಕೂದಲಿನ ಅಧಿಕೃತ ಸ್ಥಿತಿ ಎಂದು ಪರಿಗಣಿಸತಕ್ಕದ್ದು. ನೀರು, ಎಣ್ಣೆ, ಹತ್ತಿ ಬನೀನು, ಮರದ ಬಾಚಣಿಗೆ ಇತ್ಯಾದಿ ಸಾಧನಗಳಿಂದ ಕೂರಿಸಿದ ತಲೆಯನ್ನು ಮಾರುವೇಷವೆಂದು ಭಾವಿಸತಕ್ಕದ್ದು. ಸಂಬಂಧಪಟ್ಟ ನೌಕರರಿಗೆ ಉದ್ದ ಚೌಕಟ್ಟಿನ ವಿಶೇಷ ಗುರುತಿನ ಚೀಟಿ ನೀಡತಕ್ಕದ್ದು. ಸದರಿ ನೌಕರರ ಕೂದಲು ಸೇವಾವಧಿಯುದ್ದಕ್ಕೂ ಚೀಟಿಯಲ್ಲಿರುವಷ್ಟೇ ನಿಂತಿರತಕ್ಕದ್ದು.'

ಅಂದೇ ಮಧ್ಯಾಹ್ನ ಗುಮಾಸ್ತನ ಕೈಗೆ ಚೀಟಿ ಬಂತು, ಎಲ್ಲರದಕ್ಕಿಂತ ಒಂದೂವರೆ ಪಟ್ಟು ಉದ್ದ. ಅದರ ಸಂಖ್ಯೆ ಖಾಲಿ ಜಾಗದಲ್ಲಿ ಕೂತಿತು. ಅವನು ಖಾಯಂ ಆದ.

ಮುಖ್ಯ ಗೇಟಿನ ಕಾವಲುಗಾರನ ಪಕ್ಕದಲ್ಲಿ ಕಾರ್ಪೆಟ್ಟಿನ ಒಂದು ತುಂಡನ್ನು ಹಾಸಲಾಯಿತು. ಗುಮಾಸ್ತ ದಿನಾ ಬೆಳಿಗ್ಗೆ ಅದರ ಮೇಲೆ ನಿಂತು ಚಪ್ಪಲಿ ಉಜ್ಜುತ್ತಾನೆ, ನಾಲ್ಕು ಸಲ ಬಾಚಿಕೊಳ್ಳುತ್ತಾನೆ, ಕಾವಲುಗಾರ ಚೀಟಿ ಹಿಡಿದು ಹೋಲಿಸಿ ಒಳಗೆ ಬಿಡುತ್ತಾನೆ. ಉದ್ದ ಚೀಟಿ ದೊಡ್ಡ ಹುದ್ದೆಯ ಗುರುತೆಂಬ ಭಾವನೆ ಎರಡೇ ವಾರದಲ್ಲಿ ಬೆಳೆದು, ನೇರ ಕೂದಲಿನ ಹದಿನೇಳು ಮಂದಿ ಅದಕ್ಕೆ ಅರ್ಜಿ ಹಾಕಿದರು. ಇಬ್ಬರು ರಜೆ ಹಾಕಿ ಗುಂಗುರು ಮಾಡಿಸಿಕೊಂಡು ಬಂದರು. 'ಪೊದೆ' ಎನ್ನುವುದನ್ನು ಎಲ್ಲರೂ ನಿಲ್ಲಿಸಿ 'ಸಾರ್' ಎನ್ನತೊಡಗಿದರು.

ಮಳೆಗಾಲ ಹಿಡಿದ ಮೊದಲ ದಿನ ಗುಮಾಸ್ತ ಗೇಟಿನಲ್ಲಿ ಹತ್ತು ನಿಮಿಷ ಚಪ್ಪಲಿ ಉಜ್ಜಿದ. ತೇವದ ಗಾಳಿಗೆ ಕೂದಲು ಸುರುಳಿ ಸುತ್ತಿಕೊಂಡು ನೆತ್ತಿಯ ಮೇಲೆ ಸುಮ್ಮನೆ ಮಲಗಿತ್ತು. ಬಾಚಣಿಗೆ ಮುರಿಯಿತು. ಕಾವಲುಗಾರ ಚೀಟಿ ನೋಡಿದ, ತಲೆ ನೋಡಿದ, ಬಹಳ ಮೃದುವಾಗಿ ಹೇಳಿದ:

"ಇವತ್ತು ನೀವು ಬಂದಿಲ್ಲ ಸಾರ್."

ಗುಮಾಸ್ತ ಚೀಟಿಯನ್ನು ತಾನೂ ಒಮ್ಮೆ ನೋಡಿಕೊಂಡ. ಕಾವಲುಗಾರನ ಮಾತಿನಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ.

"ನಾಳೆ ಬರ್ತೀನಾ?" ಎಂದು ಕೇಳಿದ.

ಕಾವಲುಗಾರ ತಗಡಿನ ಚಾವಣಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಆಕಾಶ ನೋಡಿದ.

"ಬಿಸಿಲು ಬಿದ್ರೆ ಬರ್ತೀರಿ ಸಾರ್."

ಗುಮಾಸ್ತ ಅವನಿಗೆ ಧನ್ಯವಾದ ಹೇಳಿ, ಗೇಟಿನಲ್ಲಿದ್ದ ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ತಾನೇ 'ಗೈರು' ಎಂದು ಬರೆದು, ನೆಮ್ಮದಿಯಿಂದ ಮನೆಗೆ ನಡೆದ.