ಸವಾರಿ ಇಲ್ಲದ ಆನೆ ಟ್ರಿಪ್ಪು

ಶಿಡ್ಲಘಟ್ಟದಲ್ಲಿ ನನ್ನದೊಂದು ಟೆಂಪೋ ಟ್ರಾವೆಲರ್ ಇದೆ. ಸುತ್ತಮುತ್ತಲಿನವರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದೇ ನನ್ನ ಕಸುಬು. ದೇವಸ್ಥಾನದ ಟ್ರಿಪ್ಪಿನಲ್ಲಿ ಎಲ್ಲರೂ ಭಕ್ತಿಯಿಂದ ಇರುತ್ತಾರೆ, ನಗುವಂಥದ್ದು ಕಡಿಮೆ. ಆನೆ ನೋಡುವ ಟ್ರಿಪ್ಪು ಹಾಗಲ್ಲ. ಏನಾದರೊಂದು ಆಗದೆ ಗಾಡಿ ವಾಪಸ್ ಊರು ಮುಟ್ಟಿದ್ದೇ ಇಲ್ಲ.

ಟೀಚರಮ್ಮನ ಸೊಂಟ

ಒಮ್ಮೆ ನಮ್ಮೂರಿನ ಹೆಂಗಸರ ಗುಂಪನ್ನು ಆನೆ ಸವಾರಿ ಮಾಡಿಸುವ ಒಂದು ಜಾಗಕ್ಕೆ ಕರೆದೊಯ್ದಿದ್ದೆ. ಸಾಲಿನಲ್ಲಿ ಮುಂದೆ ನಿಂತಿದ್ದವರು ರಿಟೈರಾದ ಟೀಚರಮ್ಮ. ಮೆಟ್ಟಿಲು ಹತ್ತಿ ಆನೆಯ ಬೆನ್ನಿನ ಮಟ್ಟಕ್ಕೆ ಹೋದಾಗ, ಸೀಟು ಕಟ್ಟಿದ್ದ ಹಗ್ಗ ಉಜ್ಜಿ ಉಜ್ಜಿ ಆಗಿದ್ದ ಹುಣ್ಣು ಅವರ ಕಣ್ಣಿಗೆ ಬಿತ್ತು. ಆನೆ ನಿಂತಲ್ಲೇ ತಲೆ ತೂಗುತ್ತಿತ್ತು. ಡಾನ್ಸ್ ಮಾಡುತ್ತಿದೆ ಅಂತ ಕೆಳಗಿದ್ದವರು ವಿಡಿಯೊ ತೆಗೆಯುತ್ತಿದ್ದರು. ಟೀಚರಮ್ಮ ಸ್ವಲ್ಪ ಹೊತ್ತು ನೋಡಿ, ಇದು ಡಾನ್ಸಲ್ಲ, ಸಂಕಟ ಅಂದವರೇ ಇಳಿಯತೊಡಗಿದರು. ಸವಾರಿ ಮಾಡಿಸುವವನು, ಭಯ ಪಡಬೇಡಿ, ಆನೆ ಗಟ್ಟಿಯಾಗಿದೆ ಅಂತ ಧೈರ್ಯ ಹೇಳಿದ.

"ನನ್ನ ಮೈನ ನನ್ನ ಸೊಂಟನೇ ಹೊರಲ್ಲ ಅಂತೈತೆ ಕಣಪ್ಪ. ಅದ್ಯಾಕೆ ಹೊರಬೇಕು?" ಅಂದರು.

ಹಿಂದೆ ನಿಂತಿದ್ದವರೆಲ್ಲ ಒಮ್ಮೆ ತಮ್ಮ ತಮ್ಮ ಸೊಂಟ ನೋಡಿಕೊಂಡು ಸಾಲು ಬಿಟ್ಟರು.

ಫೋನಿನಲ್ಲಿ ವಿಚಾರಣೆ

ಸವಾರಿ, ಆನೆ ಆಟ ಇರುವ ಕಡೆ ಇನ್ನು ಗಾಡಿ ನಿಲ್ಲಿಸುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ನನ್ನ ಜೊತೆ ಗಾಡಿ ಓಡಿಸುವ ಭಾಯಿಗೆ ಚಿಂತೆ ಹತ್ತಿತು. ಸವಾರಿ ಇಲ್ಲ ಅಂದರೆ ಯಾರು ಬರುತ್ತಾರೆ, ಗಾಡಿ ಮನೆ ಮುಂದೆ ನಿಂತು ಧೂಳು ಹಿಡಿಯುತ್ತೆ ಅಂದರು. ಒಳ್ಳೆಯ ಜಾಗ ಹುಡುಕೋಣ ಅಂತ, ಆನೆ ಇಟ್ಟುಕೊಂಡಿದ್ದ ಒಂದು ರೆಸಾರ್ಟಿಗೆ ಅವರ ಮುಂದೆಯೇ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಸರಪಳಿ ಹಾಕುತ್ತೀರಾ ಅಂತ ಕೇಳಿದೆ.

"ನಿಮಗೆ ಬೇಕು ಅಂದ್ರೆ ಹಾಕಿಸ್ತೀವಿ ಸರ್," ಅಂದ ಆ ಕಡೆಯವನು.

ಹೊಡೆಯುವುದು ಬಡಿಯುವುದು ಇದೆಯಾ ಅಂತ ಕೇಳಿದೆ. ಅವನಿಗೆ ಬೇಜಾರಾಯಿತು.

"ಇಲ್ಲೀತಂಕ ಯಾವ ಗೆಸ್ಟಿಗೂ ಕೈ ಮಾಡಿಲ್ಲ ಸರ್."

ಭಾಯಿ ಕೈ ಚಾಚಿ ಫೋನ್ ಕಟ್ ಮಾಡಿ, ನಮ್ಮ ಜೀವಕ್ಕೇನೂ ತೊಂದರೆ ಇಲ್ಲ, ಆದರೂ ಬೇರೆ ಕಡೆ ನೋಡಣ ಅಂದರು.

ಕರೆದರೂ ಬರದ ಆನೆ

ಕೊನೆಗೆ, ದುಡಿದು ಸೋತ ಮುದಿ ಆನೆಗಳನ್ನು ಸಾಕುವ ಒಂದು ತಾಣ ಸಿಕ್ಕಿತು. ಅಲ್ಲಿ ಮುಟ್ಟುವಂತಿಲ್ಲ, ತಿನ್ನಿಸುವಂತಿಲ್ಲ. ಬೇಲಿಯ ಈಚೆ ನಿಂತು ನೋಡಬೇಕು, ಅಷ್ಟೇ. ಅಲ್ಲಿಗೆ ಹೋದ ಮೊದಲ ಟ್ರಿಪ್ಪಿನಲ್ಲಿ ಬಂದಿದ್ದ ಚಿಂತಾಮಣಿ ಕಡೆಯ ಅಮ್ಮ ಒಬ್ಬರು ಆನೆಯನ್ನು ಕನ್ನಡದಲ್ಲಿ ಕರೆದರು. ಅದು ಅಲ್ಲಾಡಲಿಲ್ಲ. "ರಾ ನಾಯನಾ, ಇಟ್ಲ ರಾ," ಅಂತ ತೆಲುಗಿನಲ್ಲೂ ಕರೆದರು. ಆನೆ ಒಮ್ಮೆ ಇತ್ತ ನೋಡಿ, ಬೆನ್ನಿಗೆ ಮಣ್ಣು ಎರಚಿಕೊಂಡು, ನಿಧಾನಕ್ಕೆ ಮರದ ನೆರಳಿಗೆ ಹೋಯಿತು. ಇಲ್ಲಿ ಎಲ್ಲಾ ಅದರ ಇಷ್ಟ, ಮನಸ್ಸಾದರೆ ಬರುತ್ತೆ, ಇಲ್ಲದಿದ್ದರೆ ಇಲ್ಲ ಅಂತ ಅಲ್ಲಿನವರು ವಿವರಿಸಿದರು. ಅಷ್ಟರಲ್ಲಿ ಆ ಅಮ್ಮನ ಗಂಡ ಗಾಡಿಯ ಹತ್ತಿರದಿಂದ, ನೀರಿನ ಬಾಟಲಿ ಎಲ್ಲಿ, ಟೋಪಿ ಎಲ್ಲಿ ಅಂತ ಒಂದೇ ಸಮ ಕೂಗುತ್ತಿದ್ದರು. ಇಷ್ಟು ದೂರ ಬಂದದ್ದು ದಂಡ ಅಂತ ಆಕೆ ಬೈಯುತ್ತಾರೇನೋ ಅಂತ ನಾನು ಹೆದರಿದ್ದೆ.

"ಕರೆದ ತಕ್ಷಣ ಹೋಗ್ಬೇಕಾಗಿಲ್ಲ ಅಂದ್ರೆ ಎಷ್ಟು ಸುಖ," ಅಂದರು ಆ ಅಮ್ಮ. "ಇಲ್ಲಿ ಇನ್ನೊಬ್ಬರಿಗೆ ಜಾಗ ಐತಾ ಕೇಳಪ್ಪ."

ಯಜಮಾನರ ಬಾಯಿ

ಚಿಂತಾಮಣಿಯ ಆ ಅಮ್ಮ ಊರಲ್ಲೆಲ್ಲ ಹೇಳಿದರೋ ಏನೋ, ಬುಕಿಂಗ್ ಬರತೊಡಗಿತು. ಮಂಡಿಕಲ್ ಕಡೆಯ ಒಂದು ಕುಟುಂಬ ಕಾಡಿನ ಸಫಾರಿಗೆ ಹೊರಟಿತು. ಮನೆಯ ಯಜಮಾನರು ಗಾಡಿ ಹತ್ತಿದಾಗಿನಿಂದ ಬಾಯಿ ಮುಚ್ಚಲಿಲ್ಲ. ಆನೆ ಮೇಲೆ ಕೂರದೆ ಅದೆಂಥ ಟ್ರಿಪ್ಪು ಅಂದರು. ಭಾಯಿಗೆ ಗೇರ್ ಹಾಕುವುದು ಹೇಳಿಕೊಟ್ಟರು. ಹೋಟೆಲಿನವನಿಗೆ ಸಾಂಬಾರು ಮಾಡುವುದು ಹೇಳಿಕೊಟ್ಟರು. ಅವರ ಹೆಂಡತಿ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದರು.

ಕಾಡಿನೊಳಗೆ ಸಫಾರಿ ಬಸ್ಸಿನಲ್ಲಿ ಕೂತಾಗಲೂ ಅದೇ ಮಾತು. ಒಂದು ತಿರುವಿನಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿ, ತುಟಿಯ ಮೇಲೆ ಬೆರಳಿಟ್ಟ. ದೂರದಲ್ಲಿ ದಾರಿಗೆ ಅಡ್ಡವಾಗಿ ತಾಯಿ ಆನೆ ನಿಂತಿತ್ತು. ಮರಿ ದಾರಿ ಬದಿಯ ಚರಂಡಿಯಿಂದ ಮೇಲೆ ಹತ್ತಲಾಗದೆ ಜಾರುತ್ತಿತ್ತು. ತಾಯಿ ಅವಸರ ಮಾಡಲಿಲ್ಲ. ಮರಿ ಜಾರಿದಾಗಲೆಲ್ಲ ಕಾದು, ಕೊನೆಗೆ ಸೊಂಡಿಲಿನಿಂದ ಹಿಂದಿನಿಂದ ಮೆಲ್ಲಗೆ ತಳ್ಳಿತು. ಮರಿ ಮೇಲೆ ಬಂದ ಮೇಲೆ ನಮ್ಮ ಕಡೆ ಒಂದು ಸಲ ನೋಡಿ, ಅದನ್ನು ಕರೆದುಕೊಂಡು ಮರಗಳ ನಡುವೆ ಮರೆಯಾಯಿತು. ಅಷ್ಟೂ ಹೊತ್ತು ಯಜಮಾನರು ಟವಲಿನಿಂದ ಬಾಯಿ ಒತ್ತಿ ಹಿಡಿದಿದ್ದರು. ಆನೆ ಹೋದ ಮೇಲೂ ಮಾತಿಲ್ಲ. ಹೊರಗೆ ಬಂದು ಟೀ ಕುಡಿಯುವಾಗ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಬೆನ್ನ ಮೇಲೆ ಕೂತಿದ್ರೆ ಅದರ ಮುಖಾನೇ ಕಾಣ್ತಿರ್ಲಿಲ್ಲ ಅಲ್ವೇನಪ್ಪ."

ವಾಪಸ್ ಬರುವಾಗಲೂ ಅವರು ಕಿಟಕಿಯಾಚೆ ನೋಡುತ್ತಲೇ ಕೂತಿದ್ದರು. ಭಾಯಿ ತಪ್ಪು ದಾರಿಗೆ ತಿರುಗಿಸಿ ಹಿಂದಕ್ಕೆ ತಂದರೂ ಒಂದು ಮಾತಿಲ್ಲ.

ಊರಲ್ಲಿ ಎಲ್ಲರೂ ಇಳಿದ ಮೇಲೆ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, ಇದು ಎಷ್ಟು ದಿನ ಇರುತ್ತೆ ಅಂತ ಪಿಸುಗುಟ್ಟಿದರು. ಯಾವುದಮ್ಮ ಅಂದೆ. ಆಕೆ ಗಂಡನ ಮುಚ್ಚಿದ ಬಾಯಿಯನ್ನು ಕಣ್ಣಲ್ಲೇ ತೋರಿಸಿದರು. ಗೊತ್ತಿಲ್ಲಮ್ಮ, ನಾನೂ ಮೊದಲ ಸಲ ನೋಡ್ತಿರೋದು ಅಂದೆ.

"ಇದರ ಪವರ್ ಇಳೀತಾ ಬಂದ ಹಂಗೆ ಫೋನ್ ಮಾಡ್ತೀನಿ," ಅಂದರು. "ಇನ್ನೊಂದು ಸಲ ಹಾಕಿಸ್ಕೊಂಡು ಬರಣ."